ಹತ್ತು ನಿಮಿಷದ ಭೇಟಿ



ಹದಿನಾಲ್ಕು ಹದಿನೈದರ ಮಕ್ಕಳಿರುವ ಮನೆಗಳಲ್ಲಿ ಕೆಲವೊಮ್ಮೆ ಹಾಸಿಗೆಯ ಕೆಳಗೋ ಶಾಲೆಯ ಚೀಲದ ಒಳಭಾಗದಲ್ಲೋ ಒಂದು ನೋಟುಪುಸ್ತಕ ಅಡಗಿರುತ್ತದೆ. ಅದರಲ್ಲಿ ಲೆಕ್ಕವಿರುವುದಿಲ್ಲ, ವಿಜ್ಞಾನವಿರುವುದಿಲ್ಲ. ಯಾರಿಗೂ ತೋರಿಸದ ಒಂದು ಕಥೆಯಿರುತ್ತದೆ. ಬರೆದ ಮಗು ಅದನ್ನು ಮುಚ್ಚಿಡುತ್ತದೆ ನಿಜ, ಆದರೆ ಯಾರಾದರೊಬ್ಬರು ಅದನ್ನು ಓದಲಿ ಎಂಬ ಆಸೆಯೂ ಅದರ ಮನಸ್ಸಿನ ಮೂಲೆಯಲ್ಲಿರುತ್ತದೆ. ಆ ಕಥೆ ಯಾರನ್ನು ತಲುಪಬೇಕು, ಯಾರ ಮೂಲಕ ತಲುಪಬೇಕು ಎಂಬ ಪ್ರಶ್ನೆ ಇಂದಲ್ಲ ನಾಳೆ ಏಳಲೇಬೇಕು.

ಈ ಪ್ರಶ್ನೆಗೆ ಅಮೆರಿಕ ದೇಶವು ಒಂದು ವ್ಯವಸ್ಥಿತವಾದ ಉತ್ತರವನ್ನು ರೂಪಿಸಿಕೊಂಡಿದೆ. ಅದು ಬರಹಗಾರರ ಸಮ್ಮೇಳನ. ಹೊಸಬರು ಅಲ್ಲಿ ಹೆಸರಾಂತ ಲೇಖಕರನ್ನೂ ಪ್ರಕಾಶಕರನ್ನೂ ಸಾಹಿತ್ಯ ಏಜೆಂಟರನ್ನೂ ಮುಖಾಮುಖಿ ಕಾಣುತ್ತಾರೆ. ದೂರದ ದೇಶದ ಈ ಪದ್ಧತಿ ನಮಗೇಕೆ ಎಂದು ನೀವು ಕೇಳಬಹುದು. ನಮ್ಮ ಮಕ್ಕಳು ಶಾಲೆಯ ಗ್ರಂಥಾಲಯದಿಂದ ತರುವ ಇಂಗ್ಲಿಷ್ ಕಾದಂಬರಿಗಳಲ್ಲಿ ಎಷ್ಟೋ ಇಂಥ ಬಾಗಿಲಿನಿಂದಲೇ ಹೊರಬಂದವು. ಯಾವ ಕಥೆ ಅವರ ಕೈ ಸೇರಬೇಕು, ಯಾವುದು ಸೇರಬಾರದು ಎಂಬುದು ಒಂದಿಷ್ಟು ಮಟ್ಟಿಗೆ ಅಲ್ಲಿಯೇ ನಿರ್ಧಾರವಾಗುತ್ತದೆ. ಆದುದರಿಂದ ಆ ಬಾಗಿಲನ್ನು ವಿಮರ್ಶೆಯ ಕಣ್ಣಿನಿಂದ ನೋಡುವುದು ಅನಗತ್ಯವೇನಲ್ಲ.

ಮೇಜಿನ ಎದುರು

ಹನ್ನೆರಡರಿಂದ ಹದಿನೆಂಟರ ವಯಸ್ಸಿನ ಓದುಗರಿಗೆಂದೇ ಬರೆಯುವ ಕಾದಂಬರಿಗಳು ಅಮೆರಿಕದ ಪುಸ್ತಕೋದ್ಯಮದಲ್ಲಿ ಒಂದು ಪ್ರತ್ಯೇಕ ವಿಭಾಗವಾಗಿವೆ. ಈ ಕ್ಷೇತ್ರದ ಬರಹಗಾರರನ್ನು ಒಂದುಗೂಡಿಸಲು 1971ರಲ್ಲಿ ಲಾಸ್ ಏಂಜಲಿಸ್ ನಗರದಲ್ಲಿ ಲಿನ್ ಆಲಿವರ್ ಮತ್ತು ಸ್ಟೀಫನ್ ಮೂಸರ್ ಎಂಬ ಇಬ್ಬರು ಯುವ ಲೇಖಕರು ಮಕ್ಕಳ ಪುಸ್ತಕಗಳ ಬರಹಗಾರರ ಸಂಘವೊಂದನ್ನು ಆರಂಭಿಸಿದರು. ಅದರ ವಾರ್ಷಿಕ ಸಮ್ಮೇಳನಗಳು ಮುಂದೆ ಇತರ ಅನೇಕ ಸಮ್ಮೇಳನಗಳಿಗೆ ಮಾದರಿಯಾದವು.

ಸಾಮಾನ್ಯವಾಗಿ ಎರಡು ಮೂರು ದಿನಗಳ ಈ ಕೂಟ ಯಾವುದಾದರೂ ದೊಡ್ಡ ಹೋಟೆಲಿನಲ್ಲಿ ನಡೆಯುತ್ತದೆ. ಪ್ರಸಿದ್ಧ ಲೇಖಕರ ಭಾಷಣಗಳಿರುತ್ತವೆ, ಕಥನಕಲೆಯ ಕುರಿತು ಸಣ್ಣ ಗೋಷ್ಠಿಗಳಿರುತ್ತವೆ. ಹಸ್ತಪ್ರತಿಯ ಮೊದಲ ಕೆಲವು ಪುಟಗಳನ್ನು ಮುಂಚಿತವಾಗಿ ಕಳುಹಿಸಿದವರು ಒಬ್ಬ ಸಂಪಾದಕರೊಂದಿಗೋ ಏಜೆಂಟರೊಂದಿಗೋ ಕುಳಿತು ಅವರ ಅಭಿಪ್ರಾಯವನ್ನು ಕೇಳಬಹುದು. ಇನ್ನು ಬಹುಜನರು ಎದೆ ಢವಢವ ಎನ್ನುತ್ತ ಕಾಯುವುದು ‘ಪಿಚ್’ ಎಂಬ ಭೇಟಿಗೆ. ಸುಮಾರು ಹತ್ತು ನಿಮಿಷ. ಕೆಲವೆಡೆ ಅಷ್ಟೂ ಇಲ್ಲ. ಅಷ್ಟರೊಳಗೆ ವರ್ಷಗಟ್ಟಲೆ ಬರೆದ ಕಾದಂಬರಿಯ ಸಾರವನ್ನು ಎರಡು ಮೂರು ವಾಕ್ಯಗಳಲ್ಲಿ ಹೇಳಬೇಕು. ಅದು ಈಗಾಗಲೇ ಗೆದ್ದ ಯಾವ ಪುಸ್ತಕಗಳನ್ನು ಹೋಲುತ್ತದೆ ಎಂಬುದನ್ನೂ ತಿಳಿಸಬೇಕು. ಏಜೆಂಟರಿಗೆ ಹಿಡಿಸಿದರೆ ‘ಐವತ್ತು ಪುಟ ಕಳುಹಿಸಿ’ ಎನ್ನುತ್ತಾರೆ.

ಏಜೆಂಟರೆಂದರೆ ಯಾರು? ಲೇಖಕನ ಪರವಾಗಿ ಪ್ರಕಾಶಕನನ್ನು ಹುಡುಕಿ, ಕರಾರು ಮಾತನಾಡಿ, ಲೇಖಕನ ಹಕ್ಕುಗಳನ್ನು ಕಾಯುವ ಮಧ್ಯವರ್ತಿ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಲಂಡನ್ನಿನ ಎ. ಪಿ. ವಾಟ್ ಎಂಬವರು ಶೇಕಡಾ 10ರ ದಲ್ಲಾಳಿಯ ಮೇಲೆ ಇದನ್ನೊಂದು ವೃತ್ತಿಯಾಗಿ ನೆಲೆಗೊಳಿಸಿದರು. ಇಂದು ಅಮೆರಿಕದಲ್ಲಿ ಲೇಖಕನ ಗಳಿಕೆಯಲ್ಲಿ ಶೇಕಡಾ 15 ಅವರ ಪಾಲು. ಅಲ್ಲಿನ ದೊಡ್ಡ ಪ್ರಕಾಶನ ಸಂಸ್ಥೆಗಳು ಏಜೆಂಟರ ಮೂಲಕವಲ್ಲದೆ ಬಂದ ಹಸ್ತಪ್ರತಿಗಳನ್ನು ಬಹುಮಟ್ಟಿಗೆ ತೆರೆದು ನೋಡುವುದೇ ಇಲ್ಲ. ಹಾಗಾಗಿ ಆ ಹತ್ತು ನಿಮಿಷಕ್ಕೆ ಅಷ್ಟೊಂದು ಬೆಲೆ.

ಪರಿಚಯವೆಂಬ ಬೀಗದ ಕೈ

ಇದೆಲ್ಲವೂ ಬರೀ ವ್ಯಾಪಾರವೆಂದು ತಳ್ಳಿಹಾಕಲು ನಮಗೆ ಮನಸ್ಸಾಗಬಹುದು. ಆದರೆ ಆತುರಪಡಬಾರದು. ಸಮ್ಮೇಳನಗಳಿಲ್ಲದ ಕಾಲದಲ್ಲಿ, ಇಲ್ಲವೇ ಅವುಗಳ ಹೊರಗೆ, ಪುಸ್ತಕಗಳು ಹೇಗೆ ದಾರಿ ಕಂಡುಕೊಂಡವು ಎಂಬುದನ್ನು ನೋಡೋಣ.

ಮ್ಯಾಡಲೀನ್ ಲ್ಯಾಂಗಲ್ ಎಂಬ ಕ್ರೈಸ್ತ ಲೇಖಕಿಯ ‘ಎ ರಿಂಕಲ್ ಇನ್ ಟೈಮ್’ ಎಂಬ ಕಾದಂಬರಿಯನ್ನು ಇಪ್ಪತ್ತಾರಕ್ಕೂ ಕಡಿಮೆಯಿಲ್ಲದ ಪ್ರಕಾಶಕರು ತಿರಸ್ಕರಿಸಿದ್ದರು. ವಿಜ್ಞಾನ, ದೈವಭಕ್ತಿ, ಒಬ್ಬ ಸಿಡುಕಿನ ಹುಡುಗಿ ಇವೆಲ್ಲ ಸೇರಿದ ಆ ಕಥೆ ಮಕ್ಕಳಿಗೋ ದೊಡ್ಡವರಿಗೋ ಎಂಬುದೇ ಅವರಿಗೆ ತಿಳಿಯಲಿಲ್ಲ. ಕೊನೆಗೆ ಲೇಖಕಿಯು ತಮ್ಮ ತಾಯಿಗಾಗಿ ಏರ್ಪಡಿಸಿದ್ದ ಚಹಾಕೂಟಕ್ಕೆ ಬಂದ ಅತಿಥಿಯೊಬ್ಬರಿಗೆ ಪ್ರಕಾಶಕ ಜಾನ್ ಫಾರರ್ ಅವರ ಪರಿಚಯವಿತ್ತು. ಆ ಪರಿಚಯದಿಂದ ಪುಸ್ತಕ 1962ರಲ್ಲಿ ಹೊರಬಂತು. ಮರುವರ್ಷ ನ್ಯೂಬೆರಿ ಪದಕವನ್ನೂ ಪಡೆಯಿತು. ಆ ದಿನ ಆ ಅತಿಥಿ ಬಾರದಿದ್ದರೆ?

ಒಕ್ಲಹೋಮದ ಟಲ್ಸ ನಗರದ ಎಸ್. ಇ. ಹಿಂಟನ್ ಎಂಬ ಹುಡುಗಿ ಹದಿನೈದರ ವಯಸ್ಸಿನಲ್ಲಿ ‘ದ ಔಟ್‌ಸೈಡರ್ಸ್’ ಬರೆಯಲಾರಂಭಿಸಿದಳು. ಬಡ ಹುಡುಗರ ಮತ್ತು ಸಿರಿವಂತ ಹುಡುಗರ ಗುಂಪುಗಳ ನಡುವಣ ಹಗೆತನದ ಕಥೆ ಅದು. ಅದನ್ನು ಬರೆಯುತ್ತಿದ್ದ ಕಾಲದಲ್ಲಿ ಶಾಲೆಯ ಸೃಜನಶೀಲ ಬರವಣಿಗೆಯ ತರಗತಿಯಲ್ಲಿ ಆಕೆಗೆ ಸಿಕ್ಕಿದ್ದು ‘ಡಿ’ ದರ್ಜೆ. ಪರಿಚಿತರ ಮೂಲಕ ಹಸ್ತಪ್ರತಿಯು ನ್ಯೂಯಾರ್ಕಿನ ಏಜೆಂಟ್ ಮರ್ಲಿನ್ ಮಾರ್ಲೋ ಅವರ ಕೈ ಸೇರಿ, 1967ರಲ್ಲಿ ಪ್ರಕಟವಾಯಿತು. ಆಗ ಆಕೆಗೆ ಹದಿನೆಂಟು ವರ್ಷ. ಹದಿಹರೆಯದವರ ಕಾದಂಬರಿ ಎಂಬ ಪ್ರಕಾರವೇ ಈ ಪುಸ್ತಕದಿಂದ ಗಟ್ಟಿಯಾಗಿ ನೆಲೆಗೊಂಡಿತೆಂದು ವಿಮರ್ಶಕರು ಹೇಳುವುದುಂಟು.

ಎರಡೂ ಪ್ರಸಂಗಗಳಲ್ಲಿ ಬಾಗಿಲು ತೆರೆದದ್ದು ಪರಿಚಯ. ಪರಿಚಯವಿಲ್ಲದವನ ಗತಿಯೇನು? ಚಹಾಕೂಟಕ್ಕೆ ಕರೆಯಲು ಯಾರೂ ಇಲ್ಲದವಳ ಗತಿಯೇನು? ಅಂಥವರಿಗೂ ಒಂದು ಕುರ್ಚಿಯನ್ನೂ ಹತ್ತು ನಿಮಿಷವನ್ನೂ ಕೊಡುವುದು ಸಮ್ಮೇಳನದ ದೊಡ್ಡ ಗುಣ. ಇದನ್ನು ಒಪ್ಪಿಕೊಂಡೇ ನಾವು ಮುಂದೆ ಹೋಗಬೇಕು.

ಆ ಕುರ್ಚಿಗೂ ಬೆಲೆಯುಂಟು

ಆದರೆ ಆ ಕುರ್ಚಿ ಪುಕ್ಕಟೆಯಲ್ಲ. ಸಮ್ಮೇಳನದ ಶುಲ್ಕ, ಪ್ರಯಾಣ, ಹೋಟೆಲಿನ ಬಾಡಿಗೆ, ಹಲವು ಕಡೆ ಹಸ್ತಪ್ರತಿಯ ವಿಮರ್ಶೆಗೆ ಬೇರೆಯೇ ಹಣ. ಎರಡು ಕಡೆ ದುಡಿದು ಮಕ್ಕಳನ್ನು ಸಾಕುವ ತಾಯಿಯೊಬ್ಬಳು ಇದನ್ನು ಭರಿಸುವುದು ಸುಲಭವಲ್ಲ. ಪರಿಚಯದ ಬೀಗವನ್ನು ತೆಗೆದ ಜಾಗದಲ್ಲಿ ಹಣದ ಬೀಗವೊಂದು ಬಂದು ಕೂತಿತು.

ಇದರ ಪರಿಣಾಮ ಪುಸ್ತಕಗಳಲ್ಲಿಯೇ ಕಾಣುತ್ತದೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮಕ್ಕಳ ಪುಸ್ತಕ ಕೇಂದ್ರವು 2013ರಲ್ಲಿ ಪ್ರಕಟವಾದ ಸುಮಾರು 3200 ಮಕ್ಕಳ ಪುಸ್ತಕಗಳನ್ನು ಪರಿಶೀಲಿಸಿದಾಗ, ಕಪ್ಪು ಜನರ ಬದುಕನ್ನು ಕುರಿತವು ಕೇವಲ 93 ಎಂದು ಕಂಡುಬಂತು. ಹಿರಿಯ ಲೇಖಕ ವಾಲ್ಟರ್ ಡೀನ್ ಮೈಯರ್ಸ್ 2014ರ ಮಾರ್ಚ್‌ನಲ್ಲಿ ಈ ಅಂಕಿಯನ್ನು ಮುಂದಿಟ್ಟುಕೊಂಡು, ನಮ್ಮ ಮಕ್ಕಳು ಪುಸ್ತಕಗಳಲ್ಲಿ ಎಲ್ಲಿದ್ದಾರೆ ಎಂಬರ್ಥದ ಪ್ರಶ್ನೆಯನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಕೇಳಿದರು. ಅದೇ ವರ್ಷ ನ್ಯೂಯಾರ್ಕಿನ ಪುಸ್ತಕಮೇಳವೊಂದರಲ್ಲಿ ಮಕ್ಕಳ ಲೇಖಕರ ಗೋಷ್ಠಿಗೆ ಬಿಳಿಯ ಪುರುಷರನ್ನು ಮಾತ್ರ ಆಹ್ವಾನಿಸಿದ್ದನ್ನು ಕಂಡು ಕೆರಳಿದ ಲೇಖಕರು ‘ನಮಗೆ ವೈವಿಧ್ಯದ ಪುಸ್ತಕಗಳು ಬೇಕು’ ಎಂಬ ಚಳವಳಿಯನ್ನು ಆರಂಭಿಸಿದರು. ಮುಂದೆ ಅದು ಹೊಸ ಲೇಖಕರಿಗೆ ಧನಸಹಾಯವನ್ನೂ ನೀಡತೊಡಗಿತು.

ಆ ಸಹಾಯವನ್ನು 2015ರಲ್ಲಿ, ಅದರ ಮೊದಲ ವರ್ಷದಲ್ಲೇ, ಪಡೆದವರಲ್ಲಿ ಮಿಸಿಸಿಪಿಯ ಜಾಕ್ಸನ್ ನಗರದ ಆ್ಯಂಜಿ ಥಾಮಸ್ ಒಬ್ಬರು. ಚರ್ಚೊಂದರ ಕಚೇರಿಯಲ್ಲಿ ಕಾರ್ಯದರ್ಶಿಯಾಗಿ ದುಡಿಯುತ್ತ ಬರೆಯುತ್ತಿದ್ದವರು ಅವರು. ಪೊಲೀಸನ ಗುಂಡಿಗೆ ಗೆಳೆಯ ಬಲಿಯಾದುದನ್ನು ಕಣ್ಣಾರೆ ಕಂಡ ಹದಿನಾರರ ಹುಡುಗಿಯ ಕಥೆ ಅವರಲ್ಲಿತ್ತು. ಇಂಥ ವಿಷಯ ಹದಿಹರೆಯದವರ ಪುಸ್ತಕಕ್ಕೆ ಸಲ್ಲುತ್ತದೆಯೇ ಎಂದು ಅವರು ಟ್ವಿಟರಿನಲ್ಲಿ ನಡೆದ ಪ್ರಶ್ನೋತ್ತರವೊಂದರಲ್ಲಿ ಏಜೆಂಟರನ್ನು ಕೇಳಿದರು. ಬಂದ ಉತ್ತರ ಉತ್ತೇಜಕವಾಗಿತ್ತು. ಮುಂದೆ ಹದಿಮೂರು ಪ್ರಕಾಶನ ಸಂಸ್ಥೆಗಳು ಆ ಹಸ್ತಪ್ರತಿಗಾಗಿ ಪೈಪೋಟಿ ನಡೆಸಿದವು. ‘ದ ಹೇಟ್ ಯು ಗಿವ್’ ಎಂಬ ಆ ಕಾದಂಬರಿ 2017ರ ಫೆಬ್ರವರಿಯಲ್ಲಿ ಪ್ರಕಟವಾಗಿ ಲಕ್ಷಾಂತರ ಓದುಗರನ್ನು ತಲುಪಿತು.

ಆಕೆ ಕೇಳಿದ ಪ್ರಶ್ನೆಯನ್ನು ಗಮನಿಸಿ. ‘ನನ್ನ ಪುಸ್ತಕ ಮಾರಾಟವಾದೀತೇ’ ಎಂದಲ್ಲ. ‘ಈ ನೋವನ್ನು ಮಕ್ಕಳಿಗೆ ಹೇಳಬಹುದೇ’ ಎಂದು. ಸಮ್ಮೇಳನದ ಮೇಜಿನಲ್ಲಿ ಮೊದಲು ಕೇಳಬೇಕಾದದ್ದೂ ಇದನ್ನೇ ಅಲ್ಲವೇ?

ಹತ್ತು ನಿಮಿಷಕ್ಕೆ ಒಗ್ಗದ ಕಥೆ

ಇಲ್ಲಿಯೇ ನಮ್ಮ ಮುಖ್ಯ ಆಕ್ಷೇಪವಿದೆ. ಎರಡು ವಾಕ್ಯಗಳಲ್ಲಿ ಹೇಳಿ ಮುಗಿಸಬಹುದಾದ ಕಥೆಗಳಿವೆ. ಹಾಗೆ ಹೇಳಿದೊಡನೆ ಸತ್ತುಹೋಗುವ ಕಥೆಗಳೂ ಇವೆ. ಮಿಷನರಿ ದಂಪತಿಗಳ ಮಗಳಾಗಿ ಚೀನಾದಲ್ಲಿ ಹುಟ್ಟಿದ ಕ್ಯಾಥರಿನ್ ಪ್ಯಾಟರ್ಸನ್ ಅವರ ‘ಬ್ರಿಡ್ಜ್ ಟು ಟೆರಬಿಥಿಯ’ (1977) ಕಾದಂಬರಿಯನ್ನು ಎರಡು ವಾಕ್ಯಗಳಲ್ಲಿ ಹೇಳುವುದಾದರೆ: ಒಬ್ಬ ಹುಡುಗನಿಗೆ ಒಬ್ಬ ಗೆಳತಿ ಸಿಗುತ್ತಾಳೆ. ಅವಳು ಸಾಯುತ್ತಾಳೆ. ಕೇಳಿದ ಯಾವ ವ್ಯಾಪಾರಿಯಾದರೂ ಮುಖ ತಿರುಗಿಸುತ್ತಾನೆ. ಲೇಖಕಿಯ ಮಗನ ಪುಟ್ಟ ಗೆಳತಿಯೊಬ್ಬಳು ಸಿಡಿಲು ಬಡಿದು ತೀರಿಕೊಂಡ ದುಃಖದಿಂದ ಹುಟ್ಟಿದ ಕೃತಿ ಅದು. ಇಂದಿಗೂ ಎಷ್ಟೋ ಮಕ್ಕಳು ಸಾವನ್ನು ಕುರಿತು ಮೊದಲ ಬಾರಿಗೆ ಯೋಚಿಸುವುದು ಅದರ ಪುಟಗಳಲ್ಲಿ.

ಇನ್ನೂ ಕಠಿಣವಾದ ಉದಾಹರಣೆ ರಾಬರ್ಟ್ ಕೋರ್ಮಿಯರ್ ಅವರ ‘ದ ಚಾಕೊಲೇಟ್ ವಾರ್’. ಮ್ಯಾಸಚೂಸೆಟ್ಸಿನ ಲೆಮಿನ್‌ಸ್ಟರ್ ಎಂಬ ಊರಿನ ಈ ಪತ್ರಕರ್ತ ಕಥೋಲಿಕರು. ಕನ್ಯಾಸ್ತ್ರೀಯರು ನಡೆಸುತ್ತಿದ್ದ ಶಾಲೆಯಲ್ಲಿ ಓದಿದವರು. ಶಾಲೆಯ ನಿಧಿಗಾಗಿ ಚಾಕೊಲೇಟ್ ಮಾರಲು ಅವರ ಮಗ ಒಮ್ಮೆ ಒಪ್ಪಲಿಲ್ಲ. ನಿಜಜೀವನದಲ್ಲಿ ಅದರಿಂದ ಯಾವ ಅನಾಹುತವೂ ಆಗಲಿಲ್ಲ. ಆದರೆ ಲೇಖಕರು, ಆಗಿದ್ದರೆ ಹೇಗೆ, ಎಂದು ಯೋಚಿಸಿದರು. ಕಾದಂಬರಿಯಲ್ಲಿ ಜೆರ್ರಿ ಎಂಬ ಹುಡುಗ ಒಂದು ಕಥೋಲಿಕ ಶಾಲೆಯಲ್ಲಿ ಚಾಕೊಲೇಟ್ ಮಾರಲು ನಿರಾಕರಿಸುತ್ತಾನೆ. 20,000 ಡಬ್ಬಿಗಳನ್ನು ಮಾರಲೇಬೇಕೆಂದು ಹಟ ತೊಟ್ಟ ಬ್ರದರ್ ಲಿಯಾನ್ ಎಂಬ ಶಿಕ್ಷಕ, ಶಾಲೆಯನ್ನು ಒಳಗಿನಿಂದ ಆಳುವ ಹುಡುಗರ ಗುಪ್ತಕೂಟ ಇವೆರಡೂ ಸೇರಿ ಅವನನ್ನು ಮುರಿಯುತ್ತವೆ. ಕೊನೆಯಲ್ಲಿ ಅವನು ಗೆಲ್ಲುವುದಿಲ್ಲ.

ಹಲವು ಪ್ರಕಾಶಕರು ಈ ಹಸ್ತಪ್ರತಿಯನ್ನು ಹಿಂದಿರುಗಿಸಿದರು. ಮುಕ್ತಾಯವನ್ನು ಸ್ವಲ್ಪ ಮೆದುಗೊಳಿಸಿದರೆ ನೋಡಬಹುದು ಎಂಬ ಸೂಚನೆಗಳೂ ಬಂದವು. ಕೋರ್ಮಿಯರ್ ಒಪ್ಪಲಿಲ್ಲ. 1974ರಲ್ಲಿ ಪ್ಯಾಂಥಿಯನ್ ಸಂಸ್ಥೆ ಅದನ್ನು ಬದಲಿಸದೆಯೇ ಪ್ರಕಟಿಸಿತು. ಅವರ ಏಜೆಂಟ್ ಯಾರು? ಹಿಂಟನ್ನಳ ಹಸ್ತಪ್ರತಿಯನ್ನು ಕೈಗೆತ್ತಿಕೊಂಡ ಅದೇ ಮರ್ಲಿನ್ ಮಾರ್ಲೋ. ದೊಡ್ಡವರಿಗೆಂದೋ ಮಕ್ಕಳಿಗೆಂದೋ ಯೋಚಿಸದೆ ಬರೆದ ಈ ಕಥೆಯು ಹದಿಹರೆಯದವರಿಗೆ ಸಲ್ಲುವುದೆಂದು ಗುರುತಿಸಿದವರೂ ಅವರೇ.

ಕಥೋಲಿಕ ಶಾಲೆಯೊಂದನ್ನು ಹೀಗೆ ಚಿತ್ರಿಸಬಹುದೇ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಅಮೆರಿಕದ ಪೋಷಕರೂ ಕೇಳಿದರು. 2004ರಲ್ಲಿ ಆ ದೇಶದ ಗ್ರಂಥಾಲಯಗಳಲ್ಲಿ ಅತಿ ಹೆಚ್ಚು ಆಕ್ಷೇಪಣೆಗೆ ಗುರಿಯಾದ ಪುಸ್ತಕ ಇದೇ ಎಂದು ಗ್ರಂಥಾಲಯ ಸಂಘ ಪ್ರಕಟಿಸಿತ್ತು. ಕೃತಿಯಲ್ಲಿ ಹಿಂಸೆಯಿದೆ, ಒರಟು ಮಾತಿದೆ. ಎಳೆಯ ಮಕ್ಕಳಿಗೆ ಅದು ತಕ್ಕುದಲ್ಲ. ಆದರೆ ಅದು ವಿಶ್ವಾಸವನ್ನು ಹಳಿಯುವ ಕೃತಿಯಲ್ಲ. ಆ ಶಾಲೆಯಲ್ಲಿ ಒಳ್ಳೆಯವರೂ ಇದ್ದಾರೆ; ಅವರೆಲ್ಲ ಸುಮ್ಮನಿರುತ್ತಾರೆ. ಕಾದಂಬರಿಯ ಆರೋಪ ಆ ಮೌನದ ಮೇಲೆ. ಹದಿನೈದರ ಹುಡುಗನೊಬ್ಬ ತರಗತಿಯಲ್ಲಿ ಒಂಟಿಯಾಗುವುದನ್ನು ಕಂಡೂ ಕಾಣದಂತಿದ್ದುದು ನಮ್ಮ ಶಾಲೆಗಳಲ್ಲಿ ನಡೆದೇ ಇಲ್ಲವೇ? ಮುಕ್ತಾಯವನ್ನು ಸಿಹಿಗೊಳಿಸಿದ್ದರೆ ಅಂಥ ಹುಡುಗನಿಗೆ ಸುಳ್ಳು ಹೇಳಿದಂತಾಗುತ್ತಿತ್ತು.

ಇದರಿಂದ ತಿಳಿಯುವುದು ಇಷ್ಟು: ತಪ್ಪು ಏಜೆಂಟ್ ಎಂಬ ವೃತ್ತಿಯದ್ದಲ್ಲ. ಲೇಖಕನ ಕಹಿಸತ್ಯವನ್ನು ಕೊನೆಯವರೆಗೂ ಹೊತ್ತು ನಡೆಯುವ ಏಜೆಂಟರೂ ಉಂಟು. ಆದರೆ ಹತ್ತು ನಿಮಿಷದ ಭೇಟಿಗೆ ತನ್ನ ಕಥೆಯನ್ನು ಒಗ್ಗಿಸಿಕೊಳ್ಳಲು ಕಲಿತ ಹೊಸ ಲೇಖಕ, ಮೇಜಿಗೆ ಬರುವ ಮುಂಚೆಯೇ ಮುಕ್ತಾಯವನ್ನು ತಾನೇ ಮೆದುಗೊಳಿಸಿಬಿಟ್ಟರೆ ಆ ನಷ್ಟ ಯಾರ ಗಮನಕ್ಕೂ ಬರುವುದಿಲ್ಲ. ಯಾವ ಏಜೆಂಟರೂ ಅದನ್ನು ತಿರಸ್ಕರಿಸಲಿಲ್ಲ, ಯಾವ ಪ್ರಕಾಶಕರೂ ತಿದ್ದಲಿಲ್ಲ. ಕಥೆ ಮಾತ್ರ ಹುಟ್ಟುವ ಮೊದಲೇ ಬೇರೆಯದಾಯಿತು.

ಮೇಜಿನ ಬಳಿ ಇಲ್ಲದವರು

ಆ ಮೇಜಿನ ಸುತ್ತ ಲೇಖಕರಿದ್ದಾರೆ, ಏಜೆಂಟರಿದ್ದಾರೆ, ಸಂಪಾದಕರಿದ್ದಾರೆ. ಇಲ್ಲದವರು ಯಾರು? ಹದಿನೈದರ ಓದುಗ. ಅವನ ಹೆಸರಿನಲ್ಲಿ ನಡೆಯುವ ಮಾತುಕತೆಯಲ್ಲಿ ಅವನಿಗೇ ಕುರ್ಚಿಯಿಲ್ಲ. ಹದಿಹರೆಯದವರ ಪುಸ್ತಕಗಳನ್ನು ಕೊಳ್ಳುವವರಲ್ಲಿ ಶೇಕಡಾ 55 ಮಂದಿ ಹದಿನೆಂಟು ದಾಟಿದವರೆಂದು ಬೌಕರ್ ಸಂಸ್ಥೆಯ 2012ರ ಸಮೀಕ್ಷೆಯೊಂದು ತಿಳಿಸಿತ್ತು. ಹೀಗಿರುವಾಗ ಪುಸ್ತಕಗಳು ಮೆಲ್ಲಮೆಲ್ಲನೆ ದೊಡ್ಡವರ ರುಚಿಗೆ ವಾಲುವುದು ಆಶ್ಚರ್ಯವೇ?

ಮಗುವಿನ ಮಾತನ್ನು ಕೇಳಿದಾಗ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ. ಜೆ. ಕೆ. ರೌಲಿಂಗ್ ಅವರ ಮೊದಲ ಹ್ಯಾರಿ ಪಾಟರ್ ಹಸ್ತಪ್ರತಿಯನ್ನು ಏಜೆಂಟ್ ಕ್ರಿಸ್ಟಫರ್ ಲಿಟ್ಲ್ ಪ್ರಕಾಶಕರಿಂದ ಪ್ರಕಾಶಕರಿಗೆ ಕಳುಹಿಸುತ್ತಿದ್ದರು. ಹನ್ನೆರಡು ಮಂದಿ ಬೇಡವೆಂದರು. ಬ್ಲೂಮ್ಸ್‌ಬರಿ ಸಂಸ್ಥೆಯ ಮುಖ್ಯಸ್ಥರು ಅದರ ಆರಂಭದ ಪುಟಗಳನ್ನು ಮನೆಗೆ ಒಯ್ದು ತಮ್ಮ ಎಂಟು ವರ್ಷದ ಮಗಳಿಗೆ ಕೊಟ್ಟರು. ಓದಿದ ಮಗು ಉಳಿದ ಪುಟಗಳೆಲ್ಲಿ ಎಂದು ಕೇಳಿತು. 1997ರಲ್ಲಿ ಪುಸ್ತಕ ಹೊರಬಂತು. ಮುಂದಿನದನ್ನು ನೀವೇ ಬಲ್ಲಿರಿ.

ಕೋರ್ಮಿಯರ್ ಅವರ ಇನ್ನೊಂದು ಸಂಗತಿಯನ್ನೂ ಹೇಳಬೇಕು. 1977ರಲ್ಲಿ ಬಂದ ‘ಐ ಆ್ಯಮ್ ದ ಚೀಸ್’ ಕಾದಂಬರಿಯಲ್ಲಿ ಕಥಾನಾಯಕನ ಗೆಳತಿ ಏಮಿಯ ದೂರವಾಣಿ ಸಂಖ್ಯೆಯಾಗಿ ಅವರು ತಮ್ಮ ಮನೆಯ ಸಂಖ್ಯೆಯನ್ನೇ ಕೊಟ್ಟಿದ್ದರು. ಓದಿದ ಮಕ್ಕಳು ಕುತೂಹಲದಿಂದ ಕರೆ ಮಾಡುತ್ತಿದ್ದರು. ವರ್ಷಗಟ್ಟಲೆ, ಅಂದರೆ 2000ದಲ್ಲಿ ಅವರು ತೀರಿಕೊಳ್ಳುವ ಕಾಲದವರೆಗೂ, ಆ ಮನೆಯಲ್ಲಿ ಯಾರಾದರೊಬ್ಬರು ಅವರೊಡನೆ ಮಾತನಾಡುತ್ತಿದ್ದರು. ಶುಲ್ಕವಿಲ್ಲ, ಸರದಿಯಿಲ್ಲ, ಹತ್ತು ನಿಮಿಷದ ಗಡಿಯಾರವೂ ಇಲ್ಲ. ಲೇಖಕ ಮತ್ತು ಓದುಗರ ಭೇಟಿಯೆಂದರೆ ಇದು. ಸಮ್ಮೇಳನಗಳೂ ಏಜೆಂಟರೂ ಕರಾರುಗಳೂ ಇರುವುದು ಈ ಭೇಟಿ ನಡೆಯಲೆಂದು. ಇದನ್ನು ಹತ್ತಿರ ತರುವ ಮಧ್ಯವರ್ತಿ ಒಳ್ಳೆಯವನು. ಇದನ್ನು ಮರೆಸುವವನು ಎಷ್ಟೇ ದೊಡ್ಡ ಕರಾರನ್ನು ತಂದರೂ ಒಳ್ಳೆಯವನಲ್ಲ. ಈ ಒಂದು ಅಳತೆಗೋಲು ನಮ್ಮ ಕೈಯಲ್ಲಿದ್ದರೆ ಸಾಕು.

ನಮ್ಮ ಮನೆಯ ನೋಟುಪುಸ್ತಕ

ಕನ್ನಡದಲ್ಲಿ ಏಜೆಂಟರ ಪದ್ಧತಿ ಬೇರೂರಿಲ್ಲ. 1915ರಿಂದ ನಡೆದುಬಂದ ನಮ್ಮ ಸಾಹಿತ್ಯ ಸಮ್ಮೇಳನಗಳಲ್ಲಿ ಲೇಖಕರೂ ಓದುಗರೂ ಪುಸ್ತಕದ ಮಳಿಗೆಗಳ ಮುಂದೆ ನೇರವಾಗಿಯೇ ಭೇಟಿಯಾಗುತ್ತಾರೆ. ಮಡಿಕೇರಿಯಲ್ಲಿ 2014ರಲ್ಲಿ ನಡೆದ ಸಮ್ಮೇಳನದ ಅಧ್ಯಕ್ಷರಾಗಿದ್ದ ಸಾಗರದ ನಾ. ಡಿಸೋಜ ಅವರನ್ನು ಇಲ್ಲಿ ನೆನೆಯಬೇಕು. 2025ರ ಜನವರಿಯಲ್ಲಿ ನಮ್ಮನ್ನಗಲಿದ ಈ ಹಿರಿಯರು ಶರಾವತಿಯ ಅಣೆಕಟ್ಟಿನಿಂದ ಮುಳುಗಿದ ಊರುಗಳ ಬದುಕನ್ನು ದೊಡ್ಡವರಿಗಷ್ಟೇ ಹೇಳಿ ಸುಮ್ಮನಾಗಲಿಲ್ಲ. ‘ಮುಳುಗಡೆಯ ಊರಿಗೆ ಬಂದವರು’ ಎಂಬ ಕಾದಂಬರಿಯಲ್ಲಿ ಮಕ್ಕಳಿಗೂ ಹೇಳಿದರು. ಅದಕ್ಕೆ 2011ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ದೊರೆಯಿತು. ಮುಳುಗಡೆಯ ನೋವು ಮಕ್ಕಳಿಗೆ ಭಾರವಾದೀತೆಂದು ಅವರು ಹಿಂಜರಿಯಲಿಲ್ಲ.

ಆದರೆ ನಮ್ಮ ಮಕ್ಕಳಲ್ಲಿ ಕೆಲವರು ಇಂಗ್ಲಿಷಿನಲ್ಲಿಯೂ ಬರೆಯುತ್ತಾರೆ. ನಿಮ್ಮ ಮಗನ ಪುಸ್ತಕವನ್ನು ಪ್ರಕಟಿಸಿ ಪ್ರಸಿದ್ಧಿಗೆ ತರುತ್ತೇವೆ, ಮುಂಗಡವಾಗಿ ಇಷ್ಟು ಹಣ ಕಟ್ಟಿ ಎಂಬ ಕರೆಗಳು ಪೋಷಕರಿಗೆ ಬರುವುದೂ ಉಂಟು. ಅಂಥ ಕರೆ ಬಂದರೆ ಒಂದು ಮಾತನ್ನು ನೆನಪಿಡಿ: ಪ್ರಾಮಾಣಿಕ ಏಜೆಂಟ್ ಹಸ್ತಪ್ರತಿಯನ್ನು ಓದಲು ಲೇಖಕನಿಂದ ಹಣ ಕೇಳುವುದಿಲ್ಲ, ಪುಸ್ತಕ ಪ್ರಕಾಶಕರಿಗೆ ಮಾರಾಟವಾದ ಮೇಲೆ ಬಂದ ಹಣದಲ್ಲಿ ತನ್ನ ಪಾಲನ್ನು ಪಡೆಯುತ್ತಾನೆ. ಹಣ ಲೇಖಕನ ಕಡೆಗೆ ಹರಿಯಬೇಕೇ ಹೊರತು ಅವನಿಂದ ಹೊರಗಲ್ಲ.

ಇನ್ನು ಆ ಹಾಸಿಗೆಯ ಕೆಳಗಿನ ನೋಟುಪುಸ್ತಕ. ಕೇಳದೆ ಅದನ್ನು ತೆರೆಯಬೇಡಿ. ಮಗುವೇ ತಂದು ಕೊಟ್ಟ ದಿನ, ಬಹುಮಾನ ಸಿಗುತ್ತದೆಯೇ, ಅಂಕಕ್ಕೆ ತೊಂದರೆಯಾಗುವುದಿಲ್ಲವೇ ಎಂದು ಮೊದಲೇ ಕೇಳಬೇಡಿ. ಕೊನೆಯಲ್ಲಿ ದುಃಖವಿದ್ದರೆ, ಇದನ್ನು ಸುಖಾಂತ್ಯ ಮಾಡು ಎನ್ನಬೇಡಿ. ಈ ದುಃಖ ಎಲ್ಲಿಂದ ಬಂತು ಎಂದು ಮೆಲ್ಲಗೆ ಕೇಳಿ. ಆಮೇಲೆ ಅದನ್ನು ಅದೇ ವಯಸ್ಸಿನ ಇನ್ನೊಬ್ಬ ಓದುಗನಿಗೆ, ಧರ್ಮಕೇಂದ್ರದ ಒಬ್ಬ ಗೆಳೆಯನಿಗೋ ನೆರೆಮನೆಯ ಹುಡುಗಿಗೋ, ಓದಲು ಕೊಡುವಂತೆ ಹೇಳಿ. ಅವರು ಉಳಿದ ಪುಟಗಳೆಲ್ಲಿ ಎಂದು ಕೇಳಿದರೆ ಪ್ರಕಾಶಕರನ್ನು ಹುಡುಕುವ ಕೆಲಸವನ್ನು ಆಮೇಲೆ ಆರಂಭಿಸಬಹುದು.